ಬಚ್ಚಲ ನೀರು ಕೆರೆ ಸೇರುವ ಮುನ್ನ

ನಗರಗಳು ಹೊರಚೆಲ್ಲುವ ಕೊಳಚೆಯಲ್ಲಿ ನೀರಿದೆ, ಗೊಬ್ಬರವಿದೆ, ವಿದ್ಯುತ್ತೂ ಇದೆ. ಇವನ್ನು ಮರಳಿ ಪಡೆಯುವಂತೆ ಸಂಸ್ಕರಣಾ ಘಟಕಗಳನ್ನು ಕಟ್ಟಬಹುದೆ?

2018ರ ಜೂನ್ ತಿಂಗಳು. ಕೋಲಾರ ತಾಲ್ಲೂಕಿನ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಅದು ಮಳೆಯ ನೀರಲ್ಲ, ನದಿಯ ನೀರೂ ಅಲ್ಲ. ಸುಮಾರು 50 ಕಿಲೋಮೀಟರ್ ದೂರದ ಬೆಂಗಳೂರಿನಿಂದ ದೊಡ್ಡ ಕೊಳವೆಗಳ ಮೂಲಕ ಹರಿದುಬಂದ ನೀರು. ಮಹಾನಗರದ ಮನೆಗಳ ಬಚ್ಚಲು, ಅಡುಗೆಮನೆ ಮತ್ತು ಶೌಚಾಲಯಗಳಲ್ಲಿ ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಅಲ್ಲಿಗೆ ಕಳುಹಿಸಲಾಗಿತ್ತು. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ ಎಂಬುದು ಇದರ ಪೂರ್ಣ ಹೆಸರು. ಜನರ ಬಾಯಲ್ಲಿ ಕೆ.ಸಿ. ವ್ಯಾಲಿ.

ಕೋಲಾರದ ಜನ ಈ ನೀರಿಗಾಗಿ ಕಾದದ್ದರಲ್ಲಿ ಆಶ್ಚರ್ಯವಿಲ್ಲ. ಆ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಇರುವುದು ಹಿರಿಯರು ಕಟ್ಟಿಸಿದ ಕೆರೆಗಳ ಸಾಲು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಮಳೆ ಕೈಕೊಟ್ಟು ಕೆರೆಗಳು ಒಣಗಿದಾಗ ರೈತರು ಕೊಳವೆಬಾವಿಗಳ ಮೊರೆಹೊಕ್ಕರು. ಸಾವಿರ ಅಡಿಗೂ ಮೀರಿ ಕೊರೆದರೂ ಹಲವೆಡೆ ಬಂದದ್ದು ಬರಿಯ ದೂಳು. ನೀರು ಸಿಕ್ಕ ಕಡೆಯೂ ಅದರಲ್ಲಿ ಫ್ಲೋರೈಡ್. ಅಂಥ ಊರಿನಲ್ಲಿ ಬೇಸಿಗೆಯಲ್ಲೂ ಕೆರೆ ತುಂಬಿ ನಿಂತರೆ ಅದು ಹಬ್ಬವೇ ಸರಿ.

ಆದರೆ ಹಬ್ಬದ ಸಡಗರ ಇಳಿಯುವ ಮೊದಲೇ, ಮರುತಿಂಗಳಲ್ಲಿ, ಆ ನೀರಿನ ಮೇಲೆ ಬಿಳಿ ನೊರೆ ಕಾಣಿಸಿಕೊಂಡಿತು. ಸರಬರಾಜು ನಿಂತಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಮುಂದೆ ನೀರು ಮತ್ತೆ ಹರಿಯಿತು, ಕೆರೆಯಿಂದ ಕೆರೆಗೆ ಇಳಿಯಿತು, ಬತ್ತಿದ್ದ ಎಷ್ಟೋ ಕೊಳವೆಬಾವಿಗಳಲ್ಲಿ ನೀರಿನ ಮಟ್ಟ ಏರಿತು. ಆದರೂ ಅಂದು ಎದ್ದ ಪ್ರಶ್ನೆ ಅಡಗಲಿಲ್ಲ. ಈ ನೀರು ವರವೋ, ಶಾಪವೋ?

ಉತ್ತರ ಕೋಲಾರದ ಕೆರೆಯಲ್ಲಿಲ್ಲ. ಅದು ಬೆಂಗಳೂರಿನ ಕೊಳಚೆ ಸಂಸ್ಕರಣಾ ಘಟಕದಲ್ಲಿದೆ; ಆ ಘಟಕವನ್ನು ಯಾವ ಉದ್ದೇಶಕ್ಕಾಗಿ ಕಟ್ಟಲಾಗಿದೆ ಎಂಬುದರಲ್ಲಿದೆ.

ಬೆಟ್ಟ ಹತ್ತಿ ಬರುವ ಕಾವೇರಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರ ನಲ್ಲಿಗಳಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಡುತ್ತದೆ. ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪುಗಳ ಬಲದಿಂದ ಮೇಲೇರಿ, ಒಟ್ಟು ಸುಮಾರು 500 ಮೀಟರ್ ಎತ್ತರವನ್ನು ಹತ್ತಿ ನಗರ ತಲುಪುತ್ತದೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಸೇರಿದ ಮೇಲೆ ನಗರಕ್ಕೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಏರ್ಪಾಡಾಯಿತು.

ಹೈಸ್ಕೂಲಿನ ಭೌತವಿಜ್ಞಾನ ಬಲ್ಲ ವಿದ್ಯಾರ್ಥಿಯೂ ಈ ಲೆಕ್ಕ ಮಾಡಬಹುದು. ಸಾವಿರ ಲೀಟರ್ ನೀರಿನ ತೂಕ 1,000 ಕಿಲೋಗ್ರಾಂ. ಅದನ್ನು 500 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 49 ಲಕ್ಷ ಜೂಲ್. ಮನೆಯ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ 1.36 ಯೂನಿಟ್. ಪಂಪು ಮತ್ತು ಕೊಳವೆಗಳಲ್ಲಿ ಆಗುವ ನಷ್ಟ ಬೇರೆ.

ಇಷ್ಟು ಕಷ್ಟಪಟ್ಟು ತಂದ ನೀರಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಕೆಲವೇ ಗಂಟೆಗಳಲ್ಲಿ ಕೊಳಚೆಯಾಗಿ ಮನೆಯಿಂದ ಹೊರಬೀಳುತ್ತದೆ. ಬೆಂಗಳೂರು ದಿಬ್ಬದ ಮೇಲಿನ ಊರಾದ್ದರಿಂದ ಅದು ಇಳಿಜಾರು ಹಿಡಿದು ಮೂರು ಮುಖ್ಯ ಕಣಿವೆಗಳಲ್ಲಿ ಹರಿಯುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಈ ಕೊನೆಯ ಕಣಿವೆಯಲ್ಲೇ ಬೆಳ್ಳಂದೂರು, ವರ್ತೂರು ಕೆರೆಗಳಿರುವುದು. 2015ರಲ್ಲಿ ನೊರೆಯಿಂದಲೂ ಬೆಂಕಿಯಿಂದಲೂ ಬೆಳ್ಳಂದೂರು ಕೆರೆ ಜಗತ್ತಿನ ಸುದ್ದಿಯಾಯಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಾಗ ಆರಿಸಲು ಸೈನಿಕರೇ ಬರಬೇಕಾಯಿತು. ನೀರಿಗೆ ಬೆಂಕಿ ಬೀಳುವುದೆಂದರೇನು? ಸಂಸ್ಕರಣೆಯಿಲ್ಲದೆ ಕೆರೆ ಸೇರಿದ ಕೊಳಚೆ, ಅದನ್ನುಂಡು ಬೆಳೆದು ಒಣಗಿದ ಕಳೆ, ತಳದಲ್ಲಿ ಕೊಳೆತು ಅನಿಲವಾಗುವ ಕೆಸರು, ಮೇಲೆ ಸುರಿದ ಕಸ, ಎಲ್ಲವೂ ಸೇರಿ ಒದಗಿಸಿದ ಸೌದೆ ಅದು.

ಮೊಸರಿನ ಹೆಪ್ಪು, ಕೊಳಚೆಯ ಹೆಪ್ಪು

ಇಂದು ಪ್ರಪಂಚದ ಹೆಚ್ಚಿನ ದೊಡ್ಡ ಘಟಕಗಳಲ್ಲಿ ಬಳಕೆಯಲ್ಲಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ವಿಧಾನ. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಕೊಳಚೆ ನೀರನ್ನು ಬಾಟಲಿಗಳಲ್ಲಿ ತುಂಬಿ ಅದರೊಳಗೆ ಗಾಳಿ ಊದಿದರು. ನೀರು ತಿಳಿಯಾಯಿತು, ಆದರೆ ಅದಕ್ಕೆ ವಾರಗಟ್ಟಲೆ ಹಿಡಿಯಿತು. ಅವರು ತಿಳಿನೀರನ್ನು ಮಾತ್ರ ಬಸಿದು, ತಳದ ಕಂದು ಕೆಸರನ್ನು ಚೆಲ್ಲದೆ ಉಳಿಸಿ, ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಕೊಟ್ಟರು. ಪ್ರತಿ ಸಲವೂ ತಿಳಿಯಾಗುವ ಅವಧಿ ಕಡಿಮೆಯಾಗುತ್ತ ಬಂದು, ಕೊನೆಗೆ ಒಂದು ದಿನವೂ ಬೇಡವಾಯಿತು. 1914ರಲ್ಲಿ ಅವರು ಈ ಫಲಿತಾಂಶವನ್ನು ಪ್ರಕಟಿಸಿದರು.

ಕೆಸರಿನಲ್ಲಿದ್ದದ್ದು ಬ್ಯಾಕ್ಟೀರಿಯ ಮುಂತಾದ ಕೋಟ್ಯಂತರ ಸೂಕ್ಷ್ಮಜೀವಿಗಳು. ನಿನ್ನೆಯ ಮೊಸರನ್ನು ಒಂದು ಚಮಚ ಉಳಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುವ ಗೃಹಿಣಿ ಮಾಡುವುದೂ ಇದನ್ನೇ. ಹಾಗಾಗಿ ಈ ಕೆಸರಿಗೆ ಕ್ರಿಯಾಶೀಲ ಕೆಸರು ಎಂಬ ಹೆಸರು ಬಂತು. ಘಟಕದಲ್ಲಿ ಮೊದಲು ಜಾಲರಿಗಳು ಕಸಕಡ್ಡಿ, ಪ್ಲಾಸ್ಟಿಕ್ ಚೂರುಗಳನ್ನು ತಡೆಯುತ್ತವೆ. ಮರಳು ತಳಕ್ಕಿಳಿಯುತ್ತದೆ. ಬಳಿಕ ದೊಡ್ಡ ತೊಟ್ಟಿಗಳಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒದಗಿಸಲಾಗುತ್ತದೆ. ಅವು ಕೊಳೆಯನ್ನು ತಿಂದು ತಾವು ಬೆಳೆಯುತ್ತವೆ. ಕೊನೆಗೆ ಕೆಸರು ತಳ ಸೇರಿ ನೀರು ಬೇರೆಯಾಗುತ್ತದೆ. ಇದೇ ಎರಡನೆಯ ಹಂತದ ಸಂಸ್ಕರಣೆ.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಆರ್ಡರ್ನ್ ಮತ್ತು ಲಾಕೆಟ್‌ಗೆ ದಾರಿ ತೋರಿಸಿದವರು ಗಿಲ್ಬರ್ಟ್ ಫೌಲರ್ ಎಂಬ ವಿಜ್ಞಾನಿ. ಅವರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಕೊಳಚೆಯಲ್ಲಿರುವ ಸಾರಜನಕ ವ್ಯರ್ಥವಾಗದೆ ಹೊಲಕ್ಕೆ ಹಿಂದಿರುಗಬೇಕು ಎಂಬುದು ಅವರ ಆಸಕ್ತಿಯ ವಿಷಯವಾಗಿತ್ತು. ಸಾರಜನಕದ ಉಳಿತಾಯದ ಬಗ್ಗೆ 1934ರಲ್ಲಿ ಒಂದು ಪುಸ್ತಕವನ್ನೇ ಅವರು ಹೊರತಂದರು. ಹೀಗೆ ಕೊಳಚೆಯನ್ನು ಸಂಪತ್ತೆಂದು ನೋಡುವ ದೃಷ್ಟಿ ಈ ನಗರಕ್ಕೆ ಬಂದು ನೂರು ವರ್ಷ ದಾಟಿದೆ. ಆದರೆ ಜಗತ್ತಿನಾದ್ಯಂತ ನಗರಗಳು ಅವರ ಬಳಗದ ವಿಧಾನವನ್ನು ತೆಗೆದುಕೊಂಡು ದೃಷ್ಟಿಯನ್ನು ಬಿಟ್ಟವು. ‘ಕೊಳೆಯನ್ನು ಹೇಗಾದರೂ ತೊಲಗಿಸಬೇಕು’ ಎಂಬುದಷ್ಟೇ ಘಟಕದ ಗುರಿಯಾಯಿತು.

ತೊಲಗಿಸುವುದರಲ್ಲಿ ಕಳೆದುಹೋಗುವುದೇನು?

ಮೊದಲನೆಯದು ಶಕ್ತಿ. ಗಾಳಿ ಊದುವ ಯಂತ್ರಗಳು ಹಗಲಿರುಳು ಓಡಬೇಕು. ಇಂಥ ಘಟಕವೊಂದರ ವಿದ್ಯುತ್ ಖರ್ಚಿನಲ್ಲಿ ಸಾಮಾನ್ಯವಾಗಿ ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲು ಈ ಯಂತ್ರಗಳದ್ದೇ. ವಿಚಿತ್ರವೆಂದರೆ, ಹೀಗೆ ಶಕ್ತಿ ವ್ಯಯಿಸಿ ಸುಡುತ್ತಿರುವುದೂ ಶಕ್ತಿಯನ್ನೇ! ಅನ್ನ, ಎಣ್ಣೆ, ಸಾರಿನ ಶೇಷ, ಮಲ, ಇವೆಲ್ಲ ಇಂಗಾಲದ ಸಂಯುಕ್ತಗಳು. ಸಾಧಾರಣ ಕೊಳಚೆಯ ಸಾವಿರ ಲೀಟರಿನಲ್ಲಿ ಅಡಗಿರುವ ರಾಸಾಯನಿಕ ಶಕ್ತಿ ಸುಮಾರು ಎರಡು ಯೂನಿಟ್‌ಗಳಷ್ಟು. ಅದನ್ನು ಶುದ್ಧಿ ಮಾಡಲು ಬೇಕಾಗುವುದು ಅರ್ಧ ಯೂನಿಟ್‌ನ ಆಸುಪಾಸು. ಅಡಗಿರುವ ಶಕ್ತಿಯಲ್ಲಿ ಸ್ವಲ್ಪ ಪಾಲು ಮಾತ್ರ ವಿದ್ಯುತ್ತಾಗಿ ಕೈಗೆ ಸಿಗುವುದು ನಿಜ. ಆ ಸ್ವಲ್ಪವೇ ಘಟಕವನ್ನು ನಡೆಸಲು ಸಾಕಾಗಬಹುದು.

ಎರಡನೆಯದು ಗೊಬ್ಬರ, ಅದರಲ್ಲೂ ರಂಜಕ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಹೆನ್ನಿಗ್ ಬ್ರಾಂಡ್ ಎಂಬಾತ ಬಂಗಾರ ಸಿಕ್ಕೀತೆಂಬ ಆಸೆಯಿಂದ ಮೂತ್ರವನ್ನು ಕಾಯಿಸಿ ಬತ್ತಿಸಿದ. ಬಂಗಾರ ಸಿಗಲಿಲ್ಲ; ಕತ್ತಲೆಯಲ್ಲಿ ಹೊಳೆಯುವ ಒಂದು ವಸ್ತು ಸಿಕ್ಕಿತು. ಅದೇ ರಂಜಕ. ಮೂಳೆ, ಹಲ್ಲು, ಜೀವಕೋಶದ ಡಿ.ಎನ್.ಎ., ಎಲ್ಲಕ್ಕೂ ಅದು ಬೇಕು. ಅದಿಲ್ಲದೆ ರಾಗಿಯ ತೆನೆ ಕಟ್ಟದು. ಇಂದು ಗೊಬ್ಬರದ ರಂಜಕ ಬರುವುದು ಫಾಸ್ಫೇಟ್ ಶಿಲೆಯಿಂದ. ಪ್ರಪಂಚದ ಶಿಲಾನಿಕ್ಷೇಪದ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಮೊರಾಕ್ಕೊ ಮತ್ತು ಅದರ ಹಿಡಿತದಲ್ಲಿರುವ ಪಶ್ಚಿಮ ಸಹಾರಾದಲ್ಲಿದೆ. ಭಾರತ ತನ್ನ ಅಗತ್ಯದ ಬಹುಪಾಲನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಹಡಗಿನಲ್ಲಿ ಬಂದು, ಹೊಲ ಸೇರಿ, ಕಾಳಿನ ಮೂಲಕ ಊಟದ ತಟ್ಟೆಗೆ ಬಂದ ರಂಜಕ ಕೊನೆಗೆ ಸೇರುವುದು ಚರಂಡಿಯನ್ನು.

ಎಷ್ಟು ಸೇರುತ್ತದೆ? ಕೆ.ಸಿ. ವ್ಯಾಲಿ ಯೋಜನೆ ರೂಪುಗೊಂಡದ್ದು ದಿನಕ್ಕೆ 440 ದಶಲಕ್ಷ ಲೀಟರ್ ನೀರು ಕಳುಹಿಸುವ ಲೆಕ್ಕದಲ್ಲಿ. ಇಷ್ಟು ಕೊಳಚೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ರಂಜಕವಿದೆ ಎಂದು ಇಟ್ಟುಕೊಳ್ಳೋಣ. ಕೊಳಚೆಯ ಮಟ್ಟಿಗೆ ಅದು ಹೆಚ್ಚಿನ ಅಂದಾಜೇನಲ್ಲ. ಆಗ ದಿನಕ್ಕೆ 2,200 ಕಿಲೋಗ್ರಾಂ ರಂಜಕವಾಯಿತು. 50 ಕಿಲೋಗ್ರಾಂನ ಒಂದು ಚೀಲ ಡಿ.ಎ.ಪಿ. ಗೊಬ್ಬರದಲ್ಲಿರುವ ರಂಜಕ ಸುಮಾರು 10 ಕಿಲೋಗ್ರಾಂ. ಅಂದರೆ ದಿನವೂ 220 ಚೀಲ ಡಿ.ಎ.ಪಿ.ಯಲ್ಲಿರುವಷ್ಟು ರಂಜಕ ಈ ಒಂದು ಕಣಿವೆಯ ಕೊಳಚೆಯಲ್ಲಿ ಹರಿಯುತ್ತದೆ!

ಮೂರನೆಯದು ನೀರು. ಅದರ ಬೆಲೆಯನ್ನು 2024ರ ಬೇಸಿಗೆಯೇ ಬೆಂಗಳೂರಿಗೆ ಹೇಳಿಕೊಟ್ಟಿತು. ಆ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ, ತೋಟಕ್ಕೆ ಹಾಯಿಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು.

ಕಾರ್ಖಾನೆಯಾದ ಘಟಕ

ಕಳೆದುಹೋಗುವ ಈ ಮೂರನ್ನೂ ಹಿಡಿಯುವಂತೆ ಘಟಕವನ್ನು ಬದಲಾಯಿಸಲು ಸಾಧ್ಯ. ಅದನ್ನು ಕೊಳೆ ತೊಲಗಿಸುವ ಜಾಗವೆಂದು ನೋಡದೆ, ಕೊಳಚೆಯೆಂಬ ಕಚ್ಚಾವಸ್ತುವಿನಿಂದ ಸರಕು ತಯಾರಿಸುವ ಕಾರ್ಖಾನೆ ಎಂದು ನೋಡಬೇಕು. ಹೀಗೆ ಮಾಡಿ ತೋರಿಸಿದವರಿದ್ದಾರೆ.

ಆಸ್ಟ್ರಿಯಾದ ಬೆಟ್ಟಗಳ ನಡುವೆ ಸ್ಟ್ರಾಸ್ ಎಂಬ ಸಣ್ಣ ಊರಿದೆ. ಅಲ್ಲಿನ ಘಟಕದಲ್ಲಿ ಕೊಳಚೆ ಒಳಬಂದ ಕೂಡಲೇ, ಸೂಕ್ಷ್ಮಜೀವಿಗಳು ಇಂಗಾಲವನ್ನು ಗಾಳಿಯಲ್ಲಿ ಸುಟ್ಟುಬಿಡುವ ಮೊದಲೇ, ಅದನ್ನು ಕೆಸರಿನ ರೂಪದಲ್ಲಿ ಹಿಡಿದುಕೊಳ್ಳುತ್ತಾರೆ. ಆ ಕೆಸರು ಗಾಳಿಯಾಡದ ಮುಚ್ಚಿದ ತೊಟ್ಟಿ ಸೇರುತ್ತದೆ. ಹಳ್ಳಿಯ ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿಗೆ ಆಗುವುದೇ ಇಲ್ಲಿ ಕೆಸರಿಗೆ ಆಗುತ್ತದೆ. ಮೀಥೇನ್ ಅನಿಲ ಹುಟ್ಟುತ್ತದೆ, ಅದರಿಂದ ಎಂಜಿನ್ ಓಡಿ ವಿದ್ಯುತ್ ಸಿಗುತ್ತದೆ. 2005ರಿಂದ ಆ ಘಟಕ ತನಗೆ ಬೇಕಾದ ವಿದ್ಯುತ್ತನ್ನು ತಾನೇ ತಯಾರಿಸಿಕೊಳ್ಳುವ ಮಟ್ಟ ಮುಟ್ಟಿತು. ದೂರದ ಆಸ್ಟ್ರಿಯಾವೇ ಬೇಕೆಂದಿಲ್ಲ. ಗುಜರಾತಿನ ಸೂರತ್ ನಗರದಲ್ಲಿಯೂ ಕೊಳಚೆಯ ಅನಿಲದಿಂದ ವಿದ್ಯುತ್ ತಯಾರಿಸಲಾಗಿದೆ.

ಸಾರಜನಕವನ್ನು ಕಡಿಮೆ ಗಾಳಿಯಲ್ಲೇ ತೆಗೆಯುವ ದಾರಿಯೂ ಇದೆ. 1990ರ ದಶಕದಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ವಿಜ್ಞಾನಿಗಳು ಒಂದು ವಿಶಿಷ್ಟ ಬ್ಯಾಕ್ಟೀರಿಯವನ್ನು ಗುರುತಿಸಿದರು. ಆಮ್ಲಜನಕದ ಸಹಾಯವಿಲ್ಲದೆ ಅದು ಅಮೋನಿಯ ಮತ್ತು ನೈಟ್ರೈಟ್‌ಗಳನ್ನು ಕೂಡಿಸಿ ನಿರಪಾಯಕಾರಿ ಸಾರಜನಕ ಅನಿಲವಾಗಿ ಬಿಡುತ್ತದೆ. 2002ರಲ್ಲಿ ರಾಟರ್‌ಡ್ಯಾಮ್ ನಗರದ ಘಟಕದಲ್ಲಿ ಅದನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ಹಚ್ಚಲಾಯಿತು.

ರಂಜಕದ ಕಥೆ ಇನ್ನೂ ಸ್ವಾರಸ್ಯಕರ. ಕೆಲವು ಬ್ಯಾಕ್ಟೀರಿಯಗಳನ್ನು ಮೊದಲು ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ, ಬಳಿಕ ಆಮ್ಲಜನಕವಿರುವ ತೊಟ್ಟಿಯಲ್ಲಿ ಇರಿಸಿದರೆ ಅವು ಉಪವಾಸ ಮುಗಿಸಿ ಊಟಕ್ಕೆ ಕುಳಿತವರಂತೆ ಅಗತ್ಯಕ್ಕಿಂತ ಹೆಚ್ಚು ರಂಜಕವನ್ನು ಒಳಗೆ ತುಂಬಿಕೊಳ್ಳುತ್ತವೆ. ಕೆಸರನ್ನು ಕೊಳೆಯಿಸಿದಾಗ ಅದೆಲ್ಲ ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಅಲ್ಲಿ ಮೆಗ್ನೀಸಿಯಂ ಮತ್ತು ಅಮೋನಿಯದೊಡನೆ ಸೇರಿ ಸ್ಟ್ರೂವೈಟ್ ಎಂಬ ಬಿಳಿ ಹರಳಾಗುತ್ತದೆ. ಕೊಳವೆಗಳೊಳಗೆ ಕಲ್ಲಿನಂತೆ ಕಟ್ಟಿಕೊಳ್ಳುವ ಈ ಹರಳು ಎಂಜಿನಿಯರುಗಳಿಗೆ ಬಹುಕಾಲ ತಲೆನೋವಾಗಿತ್ತು. ಅದನ್ನು ಬೇಕೆಂದೇ ಬೇರೆ ತೊಟ್ಟಿಯಲ್ಲಿ ಬೆಳೆಸಿ, ಗುಂಡುಗುಂಡಾದ ಗೊಬ್ಬರವಾಗಿ ಮಾರಿದರೆ ಹೇಗೆ? ಅಮೆರಿಕದ ಆರೆಗಾನ್ ರಾಜ್ಯದ ಡರ್ಹ್ಯಾಮ್ ಘಟಕದಲ್ಲಿ 2009ರಲ್ಲಿ ಈ ಕೆಲಸ ಆರಂಭವಾಯಿತು. ಜರ್ಮನಿಯಂತೂ 2017ರಲ್ಲಿ ನಿಯಮವನ್ನೇ ಮಾಡಿ, ದೊಡ್ಡ ಘಟಕಗಳ ಕೆಸರಿನಿಂದ ರಂಜಕ ಮರಳಿ ಪಡೆಯುವುದನ್ನು 2029ರಿಂದ ಕಡ್ಡಾಯಗೊಳಿಸಿತು.

ಇನ್ನು ನೀರು. ಆಫ್ರಿಕದ ನಮೀಬಿಯ ಮರುಭೂಮಿಯ ನಾಡು. ಅದರ ರಾಜಧಾನಿ ವಿಂಡ್‌ಹುಕ್ 1968ರಿಂದಲೂ ಕೊಳಚೆಯನ್ನು ಹಲವು ಹಂತಗಳಲ್ಲಿ ಶುದ್ಧೀಕರಿಸಿ ಕುಡಿಯುವ ನೀರಿಗೆ ಸೇರಿಸುತ್ತ ಬಂದಿದೆ. ಸಿಂಗಪುರ 2003ರಿಂದ ಸೂಕ್ಷ್ಮ ಪೊರೆಗಳಲ್ಲಿ ಶೋಧಿಸಿದ ನೀರನ್ನು ಕಾರ್ಖಾನೆಗಳಿಗೂ ಜಲಾಶಯಗಳಿಗೂ ಕೊಡುತ್ತಿದೆ. ನಾಗಪುರದ ಕೊಳಚೆ ಶುದ್ಧಿಗೊಂಡು ಕೊರಾಡಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಸೇರಿದೆ. ಬೆಂಗಳೂರಿನ ಕಬ್ಬನ್ ಪಾರ್ಕಿನೊಳಗೇ ಪೊರೆಗಳಿಂದ ಶೋಧಿಸುವ ಸಣ್ಣ ಘಟಕವಿದ್ದು, ಅಲ್ಲಿನ ಮರಗಿಡಗಳಿಗೆ ನೀರುಣಿಸಲೆಂದೇ ಅದನ್ನು ಕಟ್ಟಲಾಗಿದೆ.

ಈ ಉದಾಹರಣೆಗಳಲ್ಲೆಲ್ಲ ಒಂದು ಸಮಾನ ಅಂಶವಿದೆ. ನೀರು ಯಾರಿಗೆ, ಯಾವ ಬಳಕೆಗೆ ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಅದಕ್ಕೆ ತಕ್ಕ ಘಟಕವನ್ನು ಕಟ್ಟಲಾಗಿದೆ. ಉದ್ಯಾನಕ್ಕೆ ಸಾಕಾಗುವ ನೀರು ಬಾಯ್ಲರಿಗೆ ಸಾಲದು. ಬಾಯ್ಲರಿಗೆ ಸಲ್ಲುವಷ್ಟು ಶುದ್ಧಿ ಉದ್ಯಾನಕ್ಕೆ ದುಂದು.

ಕೋಲಾರಕ್ಕೆ ಎಂಥ ನೀರು ಬೇಕು?

ಕೋಲಾರದ ವಿಷಯದಲ್ಲಿ ಈ ಪ್ರಶ್ನೆ ತುಂಬ ಮುಖ್ಯ. ಅಲ್ಲಿನ ಕೆರೆಗಳಿಗೆ ನೀರು ಬಿಡುವುದು ನೇರವಾಗಿ ಕುಡಿಯಲಿಕ್ಕಲ್ಲ, ಅಂತರ್ಜಲ ಮರುಪೂರಣಕ್ಕೆ. ಆದರೆ ನೆಲಕ್ಕೆ ಇಂಗಿದ ನೀರೇ ನಾಳೆ ಕೊಳವೆಬಾವಿಯಲ್ಲಿ ಬರುವುದು, ಅದನ್ನೇ ಹಳ್ಳಿಯ ಮಕ್ಕಳು ಕುಡಿಯುವುದು. ಮಣ್ಣು ಒಳ್ಳೆಯ ಸೋಸಣಿಗೆ, ನಿಜ. ಬಹಳಷ್ಟು ರೋಗಾಣುಗಳನ್ನು ಅದು ತಡೆಯುತ್ತದೆ. ಆದರೆ ನೀರಿನಲ್ಲಿ ಕರಗಿದ ನೈಟ್ರೇಟ್ ಮಣ್ಣಿಗೆ ಅಂಟದೆ ಕೆಳಗಿಳಿದುಬಿಡುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಮೀರಿದರೆ ಎಳೆಯ ಶಿಶುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ. ಇತ್ತ ಕೆರೆಯಲ್ಲೇ ಉಳಿದ ರಂಜಕ ಪಾಚಿಯನ್ನೂ ಅಂತರಗಂಗೆಯನ್ನೂ ಬೆಳೆಸುತ್ತದೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ಮೀನು ಸಾಯುತ್ತವೆ.

ಕೋಲಾರದವರು ಮೊದಲಿನಿಂದಲೂ ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಕೇಳುತ್ತ ಬಂದಿರುವುದು ಇದಕ್ಕಾಗಿಯೇ. ಎರಡನೆಯ ಹಂತ ದಾಟಿದ ನೀರಿನಿಂದ ಸಾರಜನಕ ಮತ್ತು ರಂಜಕವನ್ನು ತೆಗೆದು, ಮರಳಿನಲ್ಲಿ ಸೋಸಿ, ಕ್ಲೋರಿನ್ ಅಥವಾ ಅತಿನೇರಳೆ ಕಿರಣಗಳಿಂದ ರೋಗಾಣು ಕೊಲ್ಲುವುದು ಈ ಹಂತದ ಕೆಲಸ. ಅದಕ್ಕೆ ದುಡ್ಡು ಬೇಕಲ್ಲವೆ ಎಂದರೆ, ಬೇಕು. ಆದರೆ ಕೆರೆಗೆ ಹೋದರೆ ಕಳೆಯಾಗುವ ರಂಜಕ ಘಟಕದಲ್ಲೇ ಹಿಡಿದರೆ ಗೊಬ್ಬರ. ಗಾಳಿಯಲ್ಲಿ ಸುಟ್ಟುಹೋಗುವ ಇಂಗಾಲ ಮುಚ್ಚಿದ ತೊಟ್ಟಿಗೆ ಹೋದರೆ ವಿದ್ಯುತ್. ಕೆಳಗಿನ ಊರಿಗೆ ಒಳ್ಳೆಯ ನೀರು ಕೊಡುವುದೂ ಮೇಲಿನ ಊರು ತನ್ನ ಸಂಪತ್ತನ್ನು ಉಳಿಸಿಕೊಳ್ಳುವುದೂ ಒಂದೇ ಕೆಲಸದ ಎರಡು ಮುಖಗಳು.

ಘಟಕ ಎಷ್ಟೇ ಒಳ್ಳೆಯದಿದ್ದರೂ ಅದಕ್ಕೆ ಮಿತಿಯಿದೆ. ಲೋಹ ಲೇಪಿಸುವ ಕಾರ್ಖಾನೆಯವರು ಕದ್ದು ಚರಂಡಿಗೆ ಬಿಟ್ಟ ಸೀಸ, ಕ್ರೋಮಿಯಂಗಳನ್ನು ಬ್ಯಾಕ್ಟೀರಿಯ ತಿನ್ನಲಾರದು. ಅವು ಕೆಸರು ಸೇರಿದರೆ ಆ ಕೆಸರು ಹೊಲಕ್ಕೆ ಬಾರದು. ಮನೆಗಳಿಂದಲೂ ತಪ್ಪುಗಳಾಗುತ್ತವೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವುದು, ಅವಧಿ ಮುಗಿದ ಮಾತ್ರೆಗಳನ್ನು ಶೌಚಾಲಯಕ್ಕೆ ಹಾಕುವುದು, ಒಂದು ಚಮಚ ಸೋಪಿನ ಪುಡಿ ಸಾಕಾಗುವಲ್ಲಿ ಮೂರು ಚಮಚ ಹಾಕುವುದು. ಕೆರೆಯ ಮೇಲಿನ ನೊರೆಯಲ್ಲಿ ಬಟ್ಟೆ ತೊಳೆಯುವ ಮಾರ್ಜಕದ ಪಾಲು ದೊಡ್ಡದೆಂಬುದನ್ನು ಮರೆಯುವಂತಿಲ್ಲ.

ಮಾಡಿ ನೋಡಿ

ಎರಡು ಗಾಜಿನ ಬಾಟಲಿಗಳಲ್ಲಿ ಶುಭ್ರವಾಗಿ ಕಾಣುವ ಕೆರೆಯ ಅಥವಾ ಕುಂಟೆಯ ನೀರು ತುಂಬಿ. ಒಂದಕ್ಕೆ ಚಿಟಿಕೆಯಷ್ಟು ಡಿ.ಎ.ಪಿ. ಗೊಬ್ಬರ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಕಿಟಕಿಯ ಬಿಸಿಲಿನಲ್ಲಿ ಎರಡು-ಮೂರು ವಾರ ಇರಿಸಿ. ಯಾವ ಬಾಟಲಿ ಎಂದಿನಿಂದ ಹಸಿರಾಗತೊಡಗಿತು ಎಂಬುದನ್ನು ದಿನವೂ ಬರೆದಿಡಿ. ಮುಟ್ಟಿದ ಮೇಲೆ ಕೈಯನ್ನು ಸೋಪಿನಿಂದ ತೊಳೆಯಿರಿ. ಚರಂಡಿ ನೀರನ್ನು ಮಾತ್ರ ಈ ಪ್ರಯೋಗಕ್ಕೆ ಬಳಸಬೇಡಿ.

ಹಸಿರು ಬಾಟಲಿಯನ್ನು ನೋಡಿದ ವಿದ್ಯಾರ್ಥಿಗೆ ಒಂದು ವಿಷಯ ತಾನಾಗಿಯೇ ಹೊಳೆಯುತ್ತದೆ. ಅದರಲ್ಲಿರುವುದು ವಿಷವಲ್ಲ, ಸಲ್ಲದ ಜಾಗ ಸೇರಿದ ಗೊಬ್ಬರ. ಅದನ್ನು ಸಲ್ಲುವ ಜಾಗಕ್ಕೆ ಮುಟ್ಟಿಸುವ ಕೆಲಸದಲ್ಲಿ ರಸಾಯನ ವಿಜ್ಞಾನಿ, ಸೂಕ್ಷ್ಮಜೀವಿ ತಜ್ಞ, ಎಂಜಿನಿಯರ್, ಕೃಷಿ ಪದವೀಧರ, ಎಲ್ಲರಿಗೂ ಸ್ಥಳವಿದೆ. ಫೌಲರ್ ಬೆಂಗಳೂರಿಗೆ ಬಂದಾಗ ಬರಿಯ ಪ್ರಯೋಗಶಾಲೆಯ ಮಾತಾಗಿದ್ದದ್ದು ಇಂದು ಲಕ್ಷ್ಮೀಸಾಗರದ ದಡದ ಮನೆಗಳ ಕುಡಿಯುವ ನೀರಿನ ಪ್ರಶ್ನೆಯಾಗಿದೆ. ಬೆಂಗಳೂರಿನ ಮನೆಯೊಂದರಲ್ಲಿ ಬಚ್ಚಲ ನೀರು ಬಿಡುವಾಗ, ಆ ನೀರನ್ನು ಕಾಯುತ್ತಿರುವ ಇನ್ನೊಂದು ಊರಿದೆ ಎಂಬ ನೆನಪಿದ್ದರೆ ಕೆಲಸದ ಮೊದಲ ಹಂತ ಮುಗಿದಂತೆ.